ಚಿಕ್ಕಮ್ಮನ ಓಎಚ್ ಪುರಾಣ

ಅರಸೀಕೆರೆಯಲ್ಲಿ ನಮ್ಮ ಚಿಕ್ಕಮ್ಮನನ್ನು ಕಂಡು ರಸ್ತೆ ದಾಟಿಬಿಡುವವರು ಎರಡು ಬಗೆ: ಆಕೆಯಿಂದ ಕೆಮಿಸ್ಟ್ರಿ ಪಾಠ ಹೇಳಿಸಿಕೊಂಡವರು, ಹೇಗೋ ಇಲ್ಲಿಯವರೆಗೆ ತಪ್ಪಿಸಿಕೊಂಡವರು! ಕಾಲೇಜಿನಿಂದ ನಿವೃತ್ತಳಾದರೇನು? ಒಂದು ಆಮ್ಲಜನಕ, ಅದಕ್ಕೆ ಅಂಟಿದ ಒಂದು ಜಲಜನಕ, ಹೈಡ್ರಾಕ್ಸಿಲ್ ಎಂಬ ಆ ಪುಟ್ಟ ಜೋಡಿಯ ಹುಚ್ಚು ಬಿಡಬೇಕಲ್ಲ! ಮುದ್ದಿನಿಂದ ‘ಓಎಚ್’ ಅನ್ನುತ್ತಾಳೆ. ಸ್ವಂತ ಮಕ್ಕಳನ್ನೂ ಅಷ್ಟು ಮುದ್ದಾಗಿ ಕರೆದದ್ದನ್ನು ನಾನು ಕೇಳಿಲ್ಲ.

ಜಾವಗಲ್ಲಿನ ಮದುವೆಯೊಂದರಲ್ಲಿ ಬಡಿಸುವವನು ಹೋಳಿಗೆಗೆ ತುಪ್ಪ ಹಾಕಲು ಬಗ್ಗಿದ. ಚಿಕ್ಕಮ್ಮ ಎಲೆಗೆ ಕೈ ಅಡ್ಡ ಹಿಡಿದಳು.

“ನಿಲ್ಲಪ್ಪ! ಬೆಲ್ಲ ನೀರಲ್ಲಿ ಕರಗುತ್ತೆ, ತುಪ್ಪ ಯಾಕೆ ತೇಲುತ್ತೆ, ಹೇಳು?”

ಅವನು ತುಪ್ಪದ ಸೌಟನ್ನು ಹಾಗೇ ಎತ್ತಿ ಹಿಡಿದ.

“ಬೆಲ್ಲದ ಮೈತುಂಬ ಓಎಚ್ ಕಣೋ! ನೀರಿಗೂ ಅದಕ್ಕೂ ನೆಂಟಸ್ತನ. ತುಪ್ಪಕ್ಕೆ ಆ ಭಾಗ್ಯ ಇಲ್ಲ!”

“ಹಾಕ್ಲೋ ಬ್ಯಾಡ್ವೋ ಹೇಳ್ರವ್ವ, ಇನ್ನೂ ನಾಕು ಸಾಲು ಕಾಯ್ತಾ ಐತೆ!”

ಕೊನೆಗೆ ನಮ್ಮ ಸಾಲಿಗೇ ತುಪ್ಪ ಬರಲಿಲ್ಲ!

ಇನ್ನೊಮ್ಮೆ ಬೇಲೂರಿನಿಂದ ಹಳೇಬೀಡಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಪಕ್ಕದ ಸೀಟಿನಲ್ಲಿ ಕಪ್ಪು ಪಂಚೆಯುಟ್ಟು ಮಾಲೆ ಹಾಕಿದ್ದವರೊಬ್ಬರು, ತಮಗೆ ಕೊಲೆಸ್ಟರಾಲ್ ಜಾಸ್ತಿಯಾಗಿದೆಯೆಂದು ಫೋನಿನಲ್ಲಿ ಹೇಳುತ್ತಿದ್ದರು. ಚಿಕ್ಕಮ್ಮನಿಗೆ ಅಷ್ಟು ಸಾಲದೇ?

“ಅದೂ ಆಲ್ಕೋಹಾಲ್ ಜಾತಿನೇ ಕಣ್ರೀ! ತುದೀಲಿ ಒಂದು ಓಎಚ್ ಇದೆ. ನಿಮ್ಮ ರಕ್ತದಲ್ಲೇ ಓಡಾಡ್ತಿದೆ!”

ಇಡೀ ಬಸ್ಸು ಇತ್ತ ತಿರುಗಿತು. ಅವರು ಮಾಲೆ ಹಿಡಿದುಕೊಂಡು, “ಸ್ವಾಮಿಯಾಣೆಗೂ ಒಂದು ತೊಟ್ಟು ಮುಟ್ಟಿಲ್ಲ ಕಣವ್ವಾ!” ಎಂದು ಕೂಗಿದರು. ಚಿಕ್ಕಪ್ಪ ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದರು.

ಮನೆಯಲ್ಲಿ ಪಾಠ ಶುರುವಾದೊಡನೆ ಎದ್ದುಹೋಗುತ್ತಿದ್ದವರು ಚಿಕ್ಕಮ್ಮನ ಅತ್ತೆ. “ನಿನ್ನ ಓಎಚ್ ಒಲೆಗಾಕ!” ಎನ್ನುತ್ತ ಹಿತ್ತಿಲಿಗೆ ನಡೆದುಬಿಡುತ್ತಿದ್ದರು. ಆ ಅಜ್ಜಿ ಈ ವರ್ಷ ಹಾಸಿಗೆ ಹಿಡಿದರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು.

ನೀರೂ ಗಂಟಲಿಗಿಳಿಯದೆ ಅಜ್ಜಿಯ ತುಟಿ ಒಡೆದಿತ್ತು. ನಾನು ನೋಡಲು ಹೋದಾಗ ಚಿಕ್ಕಮ್ಮ ನೀರಿಗೆ ಗ್ಲಿಸರಿನ್ ಬೆರೆಸಿ, ಹತ್ತಿಯಲ್ಲಿ ಅದ್ದಿ, ತುಟಿಗೆ ಸವರುತ್ತಿದ್ದಳು. ಒಂದೇ ಒಂದು ಮಾತಿಲ್ಲ. ಚಿಕ್ಕಮ್ಮ ಸುಮ್ಮನಿದ್ದದ್ದನ್ನು ಕಂಡು ನನಗೆ ಭಯವಾಯಿತು.

ಅಜ್ಜಿ ಕಣ್ಣು ತೆರೆದರು.

“ಯಾಕೇ, ಇವತ್ತು ಪಾಠ ಇಲ್ವಾ?”

“ಬೇಡ ಬಿಡಿ ಅತ್ತೆ.”

“ಹೇಳೇ. ಇವತ್ತಂತೂ ಎದ್ದೋಗಕ್ಕಾಗಲ್ಲ ನಂಗೆ.”

ಚಿಕ್ಕಮ್ಮ ನಗಲು ಹೋಗಿ ಅತ್ತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, “ಈ ಗ್ಲಿಸರಿನ್‌ನಲ್ಲಿ ಮೂರು ಓಎಚ್ ಇದೆ ಅತ್ತೆ. ನೀರನ್ನ ಆರೋಕೆ ಬಿಡಲ್ಲ, ಹಿಡ್ಕೊಂಡಿರುತ್ತೆ...” ಎಂದು ಶುರುಮಾಡಿದಳು. ಅಜ್ಜಿ ‘ಹೂಂ’ಗುಟ್ಟುತ್ತ ಕೇಳಿದರು. ಅವರಿಗೆ ನಿದ್ದೆ ಹತ್ತಿದ ಮೇಲೂ ಚಿಕ್ಕಮ್ಮ ಪಾಠ ನಿಲ್ಲಿಸಲಿಲ್ಲ. ದನಿ ಮಾತ್ರ ತಗ್ಗಿಸಿದಳು.