ಟೋನ್ ಕೊಡ್ರಿ

ಆಫೀಸಿನಲ್ಲಿ ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತಿದೆ ಎಂದು ತೋರಿಸಿಕೊಳ್ಳುವುದರಷ್ಟು ದೊಡ್ಡ ಮೂರ್ಖತನ ಬೇರೊಂದಿಲ್ಲ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದು ತೆಗೆದೆ, ಅಷ್ಟೇ. ಅಂದಿನಿಂದ ಕರೆಂಟು ಹೋದರೂ ಎಲ್ಲರೂ ನನ್ನ ಮುಖ ನೋಡುತ್ತಾರೆ. ಮನೆಯಲ್ಲಿ ಮಾತ್ರ ಮಿಕ್ಸರ್ ಕೆಟ್ಟರೆ ಹೆಂಡತಿ ನನ್ನನ್ನು ಅದರ ಹತ್ತಿರ ಬಿಡುವುದಿಲ್ಲ. ಅವಳಿಗೆ ನಿಜ ಗೊತ್ತು.

ನಮ್ಮದು ಅಕ್ಕಿ ವ್ಯಾಪಾರದ ಆಫೀಸು. ದೊಡ್ಡದು ಸಿಂಧನೂರಿನಲ್ಲಿ, ಸಣ್ಣವು ಲಿಂಗಸುಗೂರು ಮತ್ತು ಮಸ್ಕಿಯಲ್ಲಿ. ಜಗತ್ತೆಲ್ಲ ಮೊಬೈಲಿನಲ್ಲಿ ಫೋಟೋ ಕಳಿಸುತ್ತಿದ್ದರೂ ನಮ್ಮ ಹಳೇ ಗಿರಾಕಿಗಳಿಗೆ ಸಹಿ ಹಾಕಿ ಫ್ಯಾಕ್ಸ್ ಮಾಡಿದರೇ ಅದು ಆರ್ಡರು. ಫೋನಿಗೂ ಫ್ಯಾಕ್ಸಿಗೂ ಒಂದೇ ಲೈನು. ಅವರು ಮೊದಲು ಫೋನ್ ಮಾಡಿ "ಟೋನ್ ಕೊಡ್ರಿ" ಎನ್ನಬೇಕು, ಇಲ್ಲಿ ಸಿಂಧನೂರಿನಲ್ಲಿ ಫೋನಿನ ಮುಂದೆ ಕೂರುವ ಖಾಜಾ ಚಾಚಾ ಗುಂಡಿ ಒತ್ತಬೇಕು, ಮಷೀನು ಚೀರಬೇಕು, ಆಮೇಲೆ ಕಾಗದ ಬರಬೇಕು. ಚಾಚಾ ಸುಮ್ಮನೆ ಗುಂಡಿ ಒತ್ತುವ ಆಸಾಮಿಯಲ್ಲ. "ಕೊಡ್ತೀನಿ, ತಡೀರಿ. ಮಗಳು ಬಾಣಂತನಕ್ಕ ಬಂದಾಳಂತಲ್ಲ, ಹೆಂಗದಾಳ?" ಎಂದು ಶುರುವಾದರೆ ಕೂಸು, ಕೂಸಿನ ಜ್ವರ, ಆ ಊರಿನ ಡಾಕ್ಟರು ಎಲ್ಲ ಮುಗಿದ ಮೇಲೆ ಟೋನು. ಎಷ್ಟೋ ಸಲ ಮಾತು ಮುಗಿಸಿ ಇಬ್ಬರೂ ಫೋನ್ ಇಟ್ಟುಬಿಡುತ್ತಿದ್ದರು. ಫ್ಯಾಕ್ಸ್ ನೆನಪಾಗಿ ಮತ್ತೆ ಫೋನ್ ಬರುತ್ತಿತ್ತು.

ಇದು ಮಾಲೀಕರಾದ ಸಾವುಕಾರರ ತಲೆ ಕೆಡಿಸಿತು. ಮೂರೂರಿಗೂ ಸೇರಿ ಸಿಂಧನೂರಿನಲ್ಲಿ ಒಂದು ಫ್ಯಾಕ್ಸ್ ಸರ್ವರ್ ಇರಲಿ, ಬಂದದ್ದು ಆಯಾ ಆಫೀಸಿನ ಕಂಪ್ಯೂಟರಿಗೆ ತಾನೇ ಹೋಗಲಿ ಎಂದು ತೀರ್ಮಾನಿಸಿದರು. "ನೀನ ಕೂಡ್ಸು. ಟೋನ್ ಮಷೀನ ಕೊಡ್ಲಿ. ಖಾಜಾ ಗೋದಾಮಿನಾಗ ಚೀಲ ನೋಡ್ಕೊಂಡಿರ್ತಾನ" ಎಂದು ನನಗೆ ಹೇಳಿದರು.

ಚಾಚಾಗೆ ದಮ್ಮು. ಗೋದಾಮಿನ ಧೂಳಿನಲ್ಲಿ ಸ್ವಲ್ಪ ಹೊತ್ತು ನಿಂತರೂ ಎದೆ ಸೀಟಿ ಹೊಡೆಯುತ್ತದೆ. ಸರ್ವರ್ ನಡೆದರೆ ಅವರು ಧೂಳಿಗೆ, ನಡೆಯದಿದ್ದರೆ ನನ್ನ ಮಾನ ಬೀದಿಗೆ. ನಾನು ಮಾನದ ಕಡೆ ನಿಂತು ಮೋಡೆಮ್ ಜೋಡಿಸಿದೆ. ಪರೀಕ್ಷೆಗೆಂದು ಕಳಿಸಿದ ಲಿಂಗಸುಗೂರಿನ ಕಾಗದ ಮಸ್ಕಿಗೆ ಹೋಯಿತು, ಮಸ್ಕಿಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಹೇಗೋ ಕೊನೆಗೆ ಸರಿಯಾಯಿತು.

ಸರಿಯಾದ ದಿನ ಒಂದು ಫ್ಯಾಕ್ಸೂ ಬರಲಿಲ್ಲ. ಮಧ್ಯಾಹ್ನ ಗಿರಾಕಿಯೊಬ್ಬರು ನನ್ನ ಮೊಬೈಲಿಗೆ ಫೋನ್ ಮಾಡಿದರು. "ಏನ್ರೀ, ಟೋನ್ ಕೇಳೂದರಾಗ ಯಾರೋ ಕಿವ್ಯಾಗ ಚೀರಾಕತ್ಯಾರ! ಖಾಜಾ ಭಾಯಿಗೆ ಏನಾತ್ರಿ?" ಕೇಳಿದ ಮೇಲೆಯೇ ಟೋನ್ ಬರಬೇಕೆಂದು ರೂಢಿಯಾದವರು, ಕೇಳುವ ಮೊದಲೇ ಬಂದ ಟೋನಿಗೆ ಗಾಬರಿಯಾಗಿ ಎಲ್ಲರೂ ಫೋನ್ ಇಟ್ಟಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು. ಮಷೀನು ಸೋತಿತು, ತಪ್ಪು ನನ್ನದಲ್ಲ, ಚಾಚಾ ಉಳಿದರು.

ಆದರೆ ಚಾಚಾ ಸುಮ್ಮನಿರಲಿಲ್ಲ. ಮರುದಿನ ಬೆಳಿಗ್ಗೆಯಿಂದ ತಾವೇ ಒಬ್ಬೊಬ್ಬರಿಗೂ ಫೋನ್ ಹಚ್ಚಿದರು. "ಸೇಠ್, ಇನ್ನ ಮ್ಯಾಲೆ ಟೋನ್ ಕೇಳಬ್ಯಾಡ್ರಿ. ಚೀರ್ತದಲ್ಲ, ಅದ ಟೋನು. ಹೆದರಬ್ಯಾಡ್ರಿ, ಒತ್ತಿಬಿಡ್ರಿ."

"ಚಾಚಾ, ನಿಮ್ಮ ಕುರ್ಚಿ ನೀವ ತಗಸಾಕತ್ತೀರಲ್ಲ?" ಎಂದೆ.

"ಮಂದಿ ಆರ್ಡರ್ ತಪ್ಪಬಾರ್ದಲ್ಲಪಾ. ಅದೂ ಅಲ್ದ ಸಾವ್ಕಾರ್ರ ಕಡಿಂದ ನೀ ಬೈಸ್ಕೋತಿ" ಎಂದು ಮುಂದಿನ ನಂಬರು ಒತ್ತಿದರು. ಆ ಹೊತ್ತು ನನಗೆ ಅವರ ಮೇಲೆ ಸಿಟ್ಟೇ ಬಂತು. ಅಷ್ಟು ಒಳ್ಳೆಯವರಾಗಬಾರದಿತ್ತು.

ಈಗ ಸರ್ವರ್ ಚೆನ್ನಾಗಿ ನಡೆಯುತ್ತಿದೆ. ಫ್ಯಾಕ್ಸು ಬರುತ್ತದೆ, ಹೋಗುತ್ತದೆ, ಯಾರ ಮನೆಯ ಕೂಸಿಗೆ ಜ್ವರ ಬಂತೋ ಬಿಟ್ಟಿತೋ ಯಾರಿಗೂ ಗೊತ್ತಾಗುವುದಿಲ್ಲ. ಗೋದಾಮು ಅಂಗಳದ ಆಚೆಗೇ ಇದೆ. ಕಿಟಕಿ ತೆರೆದರೆ ಚಾಚಾ ಕೆಮ್ಮುವುದು ಕೇಳಿಸುತ್ತದೆಂದು ನಾನು ಸೆಕೆಯಲ್ಲೇ ಕೂತಿರುತ್ತೇನೆ.

ಮೊನ್ನೆ ಅದೇ ಗಿರಾಕಿ ಮತ್ತೆ ನನ್ನ ಮೊಬೈಲಿಗೆ ಫೋನ್ ಮಾಡಿದರು. "ಫ್ಯಾಕ್ಸ್ ಹೋತ್ರಿ, ಅದಕ್ಕಲ್ಲ. ಖಾಜಾ ಭಾಯಿ ಹೆಂಗದಾರ?"

"ಆರಾಮದಾರ್ರಿ" ಎಂದೆ.

"ಒಂಚೂರು ಅವರ ಕೈಯಾಗ ಫೋನ್ ಕೊಡ್ರಿ, ಮಾತಾಡ್ತೀನಿ."

ಎದ್ದು ಅಂಗಳ ದಾಟಿದರೆ ಆಗುತ್ತಿತ್ತು. ನಾನು "ಹಲೋ, ಹಲೋ, ಕೇಳಸವಲ್ದು ನೋಡ್ರಿ" ಎಂದುಬಿಟ್ಟೆ.

"ಇರ್ಲಿ ಬಿಡ್ರಿ" ಎಂದು ಅವರೇ ನನಗೆ ಸಮಾಧಾನ ಹೇಳಿದರು. "ಫೋನ್ ಕಂಪನ್ಯಾಗ ಮನಶ್ಯಾನ್ನ ತಗದು ಮಷೀನ್ ಕೂಡ್ಸ್ಯಾರಲ್ಲ, ಅದಕ್ಕೇನ ತಿಳೀತದ."