ದೇಜಪ್ಪನ ಬಾಯಾರಿಕೆ

ಆ ಶುಕ್ರವಾರ ಬೆಳಿಗ್ಗೆ ದೋಹಾದಲ್ಲಿ ಗಾಳಿ ಎಂಬುದೇ ಇರಲಿಲ್ಲ. ಸೆಪ್ಟೆಂಬರಿನ ಸಮುದ್ರದ ಆವಿ ಅಲ್ ಮುಂತಜಾ ಬಡಾವಣೆಯ ಹಳೆಯ ವಿಲ್ಲಾಗಳ ಮೇಲೆ ಒದ್ದೆ ಕಂಬಳಿಯಂತೆ ಬಿದ್ದುಕೊಂಡಿತ್ತು. ಕಿಟಕಿಯ ಗಾಜುಗಳು ಹೊರಗಿನಿಂದ ಬೆವರುತ್ತಿದ್ದವು. ಗೋಡೆಯ ನೆರಳಿನಲ್ಲಿ ಮಲಗಿದ್ದ ಬೆಕ್ಕು, ಏಳುವುದು ಬಿಡುವುದು ದೇವರಿಗೆ ಬಿಟ್ಟದ್ದು ಎಂಬಂತೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಅದೇ ಹೊತ್ತಿಗೆ ದೇಜಪ್ಪನ ಮಲಗುವ ಕೋಣೆಯ ಏಸಿ, ಮುದಿ ಎಮ್ಮೆ ಮೊಣಕಾಲೂರಿದ ಹಾಗೆ ಒಮ್ಮೆ ನರಳಿ ನಿಂತುಹೋಯಿತು.

ಬೇರೆಯವರ ಮನೆಯಲ್ಲಿ ಏಸಿ ಕೆಟ್ಟರೆ ಬೆವರು ಬರುತ್ತದೆ. ದೇಜಪ್ಪನ ಮನೆಯಲ್ಲಿ ಪ್ರಾಣ ಬಾಯಿಗೆ ಬಂತು. ಏಸಿಯ ಕೆಳಗೆ, ಲುಂಗಿ ಸುತ್ತಿಕೊಂಡು, ತಲೆಗೆ ಪಂಚೆಯ ತುಂಡು ಕಟ್ಟಿಕೊಂಡು, ಊರಿಂದ ಬಂದು ತಿರುಗಿ ಹೋಗದ ನೆಂಟನ ಹಾಗೆ ಒಂದು ದೊಡ್ಡ ನೀರಿನ ಕ್ಯಾನು ಕೂತಿತ್ತು. ಒಳಗಿದ್ದದ್ದು ಬಿಯರು. ದೇಜಪ್ಪ ಕೈಯಾರೆ ಮಾಡಿದ್ದು.

ಆ ದೇಶದಲ್ಲಿ ಕುಡಿಯುವವನಿಗೆ ಪರ್ಮಿಟ್ ಬೇಕು, ಪರ್ಮಿಟ್ಟಿಗೆ ಕಂಪನಿಯ ಕಾಗದ ಬೇಕು. ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ದೇಜಪ್ಪ ಒಂದು ದಿನ ಧೈರ್ಯ ಮಾಡಿ ಕೇಳಿಯೂ ಕೇಳಿದ್ದ. ಕಂಪನಿಯ ಕಾಗದಪತ್ರ ನೋಡಿಕೊಳ್ಳುವವರು ಉಳ್ಳಾಲದ ಇಬ್ರಾಹಿಂ ಸಾಹೇಬರು. ಕಂಪನಿ ಕೊಟ್ಟ ವಿಲ್ಲಾದಲ್ಲಿ ದೇಜಪ್ಪನದು ಮೇಲ್ಮನೆ, ಅವರದು ಕೆಳಮನೆ. ಐದು ಹೊತ್ತಿನ ನಮಾಜು ತಪ್ಪಿಸದ, ಯಾರಿಗೂ ಗಟ್ಟಿ ಮಾತಾಡದ ಮನುಷ್ಯ.

"ದೇಜಪ್ಪಣ್ಣ, ನಿಮ್ಮ ಗ್ರೇಡಿಗೆ ಅದು ಸಿಗುವುದಿಲ್ಲ," ಎಂದಿದ್ದರು ಅವರು. "ಸಿಕ್ಕಿದರೂ ಆ ಕಾಗದ ಹಿಡಿದುಕೊಂಡು ಹೋಗಲಿಕ್ಕೆ ನನಗೆ ಮನಸ್ಸಿಲ್ಲ."

"ಬಾಯಾರಿಕೆಗೂ ಗ್ರೇಡ್ ಉಂಟಾ ಸಾಹೇಬ್ರೆ?" ಎಂದು ದೇಜಪ್ಪ ಸಿಡಿದಿದ್ದ. "ನನ್ನ ಅಜ್ಜ ತಾಳೆಮರ ಹತ್ತಿ ಇಡೀ ಊರಿಗೆ ಕಳ್ಳು ಇಳಿಸಿದವರು. ಯಾರ ಹತ್ರವೂ ಕಾಗದ ಕೇಳಿದವರಲ್ಲ!"

ಅಂದೇ ಸಂಜೆ ಅವನು ಅಂಗಡಿಯಿಂದ ಅಮಲಿಲ್ಲದ ಮಾಲ್ಟ್ ಪಾನೀಯ, ಸಕ್ಕರೆ, ಖರ್ಜೂರ, ಬ್ರೆಡ್ಡಿನ ಯೀಸ್ಟು ಹೊತ್ತು ತಂದ. ಸೈಟಿನಲ್ಲಿ ಇದೇ ಹವ್ಯಾಸದ ಒಬ್ಬ ಇಂಗ್ಲಿಷ್ ಎಂಜಿನಿಯರ್ ಇದ್ದ. ಒಳಗೆ ಗಾಳಿ ಹೋಗದ ಹಾಗೆ ಬಾಯಿ ಬಿಗಿ, ಒಂದು ತಿಂಗಳು ಮುಟ್ಟಬೇಡ ಎಂದು ಅವನು ಹೇಳಿಕೊಟ್ಟಿದ್ದ. ಎರಡನೆಯದನ್ನು ದೇಜಪ್ಪ ಒಪ್ಪಿದ. ಮೊದಲನೆಯದನ್ನು ಒಪ್ಪಲಿಲ್ಲ. "ಕುಡಿಯುವ ವಸ್ತುವಿಗೆ ಉಸಿರು ಬೇಕು. ಅಜ್ಜನ ಮಡಕೆಗೆ ಕಟ್ಟುತ್ತಿದ್ದದ್ದು ಬಟ್ಟೆ. ಕಳ್ಳಿನ ಮನೆಯವನಿಗೆ ಇವ ಪಾಠ ಹೇಳುವುದಾ?"

ತಿಂಗಳು ತುಂಬಿದ್ದು ಇವತ್ತು. ಸಂಜೆ ಒಂದು ಗ್ಲಾಸು. ಒಂದೇ. ಆದರೆ ತಲೆ ಎತ್ತಿ ಕುಡಿಯುವ ಗ್ಲಾಸು.

"ಹುಳಿ ವಾಸನೆ ಬರ್ತಾ ಉಂಟು," ಎಂದಳು ಹೆಂಡತಿ ಚೆನ್ನು, ಸೆರಗಿನಿಂದ ಮೂಗು ಮುಚ್ಚಿ.

"ಅದೇ ಹದ, ಮಾರಾಯ್ತಿ."

"ಹದ ಅಂತೆ! ಸಿಕ್ಕಿಬಿದ್ದರೆ ವೀಸಾ ಖಲಾಸ್. ನಿಮ್ಮ ಹದದ ಒಟ್ಟಿಗೆ ನಮ್ಮನ್ನೂ ವಿಮಾನ ಹತ್ತಿಸ್ತಾರೆ."

ಅಷ್ಟರಲ್ಲಿ ಕೆಳಗಿನಿಂದ ಸಾಹೇಬರ ಸ್ವರ: "ದೇಜಪ್ಪಣ್ಣ, ನಿಮ್ಮ ಏಸಿ ಶಬ್ದ ನಿಂತಿತಲ್ಲ? ಹೆದರಬೇಡಿ, ಮೆಕ್ಯಾನಿಕ್ ಅಲಿಯನ್ನು ಈಗಲೇ ಕರೆದುಕೊಂಡು ಬರ್ತೇನೆ!"

ಒಳ್ಳೆಯ ನೆರೆಯವರಷ್ಟು ಅಪಾಯದ ಜನ ಬೇರೆ ಇಲ್ಲ. ಗಂಡಹೆಂಡತಿ ಕ್ಯಾನನ್ನು ಹೆಣ ಹೊತ್ತ ಹಾಗೆ ಆಚೆ ಈಚೆ ಹಿಡಿದು ಬಾಗಿಲು ದಾಟಿದರು. ಹೊರಗೆ ಅದೇ ಮಹಡಿಯ ಎದುರುಮನೆಯ ಸಿಸಿಲಿಯಾ ಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಎಂತ ಚೆನ್ನು ಅದು, ಲುಂಗಿ ಉಟ್ಟದ್ದು?"

ಚೆನ್ನುವಿನ ಬಾಯಿಗೆ ಬಂದದ್ದು ಒಂದೇ ಮಾತು. "ವಿನೆಗರ್, ಬಾಯಿ. ಮನೆಯಲ್ಲೇ ಮಾಡಿದ್ದು. ಸೆಕೆಗೆ ಹಾಳಾಗ್ತದೆ ಅಂತ..."

"ನನ್ನ ಅಡುಗೆಕೋಣೆ ತಂಪುಂಟು, ಕೊಡಿ ಇತ್ಲಾಗಿ!" ಬೇಡ ಎನ್ನುವ ಮೊದಲೇ ಕ್ಯಾನು ಅವರ ಮನೆಯೊಳಗೆ ಹೋಯಿತು. "ಮಧ್ಯಾಹ್ನ ಇಲ್ಲಿಯೇ ಊಟ, ಮರೆಯಬೇಡಿ. ಇವತ್ತು ಮೊಂತಿ ಹಬ್ಬ. ಸಾಹೇಬರಿಗೂ ಕುಲ್ಸುಮ್‌ಗೂ ಹೇಳಿದ್ದೇನೆ."

ಅಲಿ ಬಂದು ಕೋಣೆಗೆ ಕಾಲಿಟ್ಟವನೇ ಮೂಗು ಹಿಡಿದುಕೊಂಡ. ಸಾಹೇಬರು ಗಾಳಿಯನ್ನು ಎರಡು ಸಲ ಎಳೆದರು.

"ಏನು ವಾಸನೆ ದೇಜಪ್ಪಣ್ಣ?"

"ಕಾಲುಚೀಲ ಸಾಹೇಬ್ರೆ. ಸೈಟಿನ ಕಾಲುಚೀಲ."

ಸಾಹೇಬರು ಕರುಣೆಯಿಂದ ಅವನ ಪಾದ ನೋಡಿದರು. "ಒಳ್ಳೆ ಡಾಕ್ಟರಿಗೆ ತೋರಿಸಿ," ಎಂದರು ಮೆಲ್ಲಗೆ.

ಜುಮಾ ನಮಾಜು ಮುಗಿಸಿ ಸಾಹೇಬರೂ ಅವರ ಹೆಂಡತಿ ಕುಲ್ಸುಮ್ಮೂ ಬಂದ ಮೇಲೆ ಸಿಸಿಲಿಯಾ ಬಾಯಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಮಾತೆ ಮರಿಯಮ್ಮ ಹುಟ್ಟಿದ ದಿನವೇ ಮೊಂತಿ ಹಬ್ಬ. ಬಾಯಿ ಆಕೆಯ ಪಟದ ಮುಂದೆ ಹೂವಿಟ್ಟು ಶಿಲುಬೆಯ ಗುರುತು ಮಾಡಿದರು. ತರಕಾರಿ ಪಲ್ಯ ಬಂತು, ತೆಂಗಿನಕಾಯಿ ಅರೆದ ಗಸಿ ಬಂತು, ನೀರುಳ್ಳಿ ಸಲಾಡು ಬಂತು. ಕೊನೆಗೆ ಹಬೆಯಾಡುವ ಸನ್ನಗಳು ಬಂದವು. ಸನ್ನ ಎಂದರೆ ಇಡ್ಲಿಯ ಬಿಳಿ ತಂಗಿ, ಆದರೆ ಊರಿನಲ್ಲಿ ಅದರ ಹಿಟ್ಟು ಹುದುಗಬೇಕಾದರೆ ಕಳ್ಳೇ ಬೇಕು. ಹಬ್ಬದ ಹಿಂದಿನ ದಿನ ಅಜ್ಜನ ಕೈಯಿಂದ ಕ್ರೈಸ್ತರ ಮನೆಗಳಿಗೆ ಕಳ್ಳು ಮುಟ್ಟಿಸಿ ಬರುತ್ತಿದ್ದ ಹುಡುಗ ಇದೇ ದೇಜಪ್ಪ.

ಇಂದಿನ ಸನ್ನಗಳು ಎಂದೂ ಇಲ್ಲದ ಹಾಗೆ, ಹೊಸ ಮದುವಣಿಗನ ಎದೆಯಂತೆ ಉಬ್ಬಿದ್ದವು.

"ದೇಜಪ್ಪ, ಬಯ್ಯಬೇಡ," ಎಂದರು ಸಿಸಿಲಿಯಾ ಬಾಯಿ ನಗುತ್ತ. "ಕೇಳದೆ ನಿನ್ನ ಕ್ಯಾನಿನದ್ದು ಸ್ವಲ್ಪ ಅಡುಗೆಗೆ ತೆಗೆದುಕೊಂಡೆ."

ದೇಜಪ್ಪನ ಕಣ್ಣು ಸನ್ನದ ಮೇಲೆ ನಿಂತಿತು. ಎದುರಿಗೆ ಸಾಹೇಬರು ಆಗಲೇ ಬಿಸ್ಮಿಲ್ಲಾ ಹೇಳಿ ಸಲಾಡು ಎರಡು ಸಲ ಹಾಕಿಸಿಕೊಂಡು ಮುಗಿಸಿದ್ದರು. ಈಗ ಅವರ ಕೈ ಸನ್ನಕ್ಕೆ ಹೋಯಿತು.

ದೇಜಪ್ಪ ಮಾತೆತ್ತದೆ ಕೂತರೆ ಮುಗಿಯಿತು. ವೀಸಾ ಉಳಿಯುತ್ತದೆ, ಸಂಜೆಯ ಗ್ಲಾಸೂ ಉಳಿಯುತ್ತದೆ. ಕಾಗದ ಹಿಡಿಯಲಾರೆ ಎಂದ ಮನುಷ್ಯ ಅದನ್ನೇ ತಿಂದ ಎಂಬ ತಮಾಷೆ ಬೇರೆ. ಆದರೆ ಸಾಹೇಬರ ಹಣೆಯಲ್ಲಿ ಇನ್ನೂ ನಮಾಜಿನ ಒತ್ತುಗುರುತು ಇತ್ತು. ದೇಜಪ್ಪನಿಗೆ ಅದನ್ನು ನೋಡಿಯೂ ಸುಮ್ಮನಿರಲು ಆಗಲಿಲ್ಲ.

"ಸಾಹೇಬ್ರೆ, ಅದಕ್ಕೆ ಉಪ್ಪು ಜಾಸ್ತಿಯಾಗಿದೆ."

"ನೀನು ತಿಂದೇ ಇಲ್ಲ!" ಎಂದರು ಬಾಯಿ.

"ಅಲ್ಲ, ಹಿಟ್ಟಿಗೆ... ಹಿಟ್ಟಿಗೆ ಹಲ್ಲಿ ಬಿದ್ದಿತ್ತು."

"ನನ್ನ ಅಡುಗೆಕೋಣೆಯಲ್ಲಿ ಹಲ್ಲಿಯಾ?" ಬಾಯಿ ಸೌಟು ಹಿಡಿದು ಎದ್ದು ನಿಂತರು. ಕುಲ್ಸುಮ್ ಎತ್ತಿದ ತುತ್ತನ್ನು ತಿನ್ನಲೋ ಇಳಿಸಲೋ ತಿಳಿಯದೆ ಹಾಗೇ ಕೂತಳು.

"ಹಬ್ಬದ ದಿನ ತಮಾಷೆ ಮಾಡ್ತಾರೆ," ಎಂದು ಸಾಹೇಬರು ಸನ್ನವನ್ನು ತುಟಿಯ ತನಕ ತಂದರು. ದೇಜಪ್ಪ ಮೇಜಿನ ಮೇಲೆ ಅಡ್ಡ ಬಿದ್ದು ಅದನ್ನು ಅವರ ಬೆರಳಿನಿಂದ ಕಿತ್ತುಕೊಂಡ.

ಪಾತ್ರೆ ಮಗುಚಿ ಗಸಿ ಮೆಲ್ಲಗೆ ಅವನ ಅಂಗಿಗೆ ಇಳಿಯುತ್ತಿತ್ತು. ಅವನು ಹಾಗೆಯೇ ನೆಟ್ಟಗೆ ನಿಂತ.

"ಅದರಲ್ಲಿ ನನ್ನ ಬಿಯರು ಉಂಟು ಸಾಹೇಬ್ರೆ! ಹೌದು, ನಾನೇ ಮಾಡಿದ್ದು. ವಿನೆಗರೂ ಅಲ್ಲ, ಕಾಲುಚೀಲವೂ ಅಲ್ಲ. ನಿಮಗೆ ಗೊತ್ತಿಲ್ಲದೆ ನಿಮ್ಮ ಬಾಯಿಗೆ ಹಾಕಲಿಕ್ಕೆ ನಾನು ಕಲಿತಿಲ್ಲ. ಕುಡಿಯದವರ ಮನೆ ದಾಟುವಾಗ ನನ್ನ ಅಜ್ಜ ಮಡಕೆಯನ್ನು ಆಚೆ ಹೆಗಲಿಗೆ ಬದಲಾಯಿಸುತ್ತಿದ್ದರು. ಬೇಕಾದರೆ ನಾಳೆಯೇ ಊರಿಗೆ ಕಳಿಸಿ. ಆದರೆ ಕ್ಷಮಿಸಿ ಅಂತ ಮಾತ್ರ ಹೇಳುವುದಿಲ್ಲ. ಬಾಯಾರಿದ್ದು ತಪ್ಪಲ್ಲ!"

ಚೆನ್ನು ಕಣ್ಣು ಮುಚ್ಚಿದಳು. ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿರಬೇಕು.

ಮೊದಲು ನಕ್ಕವರು ಸಿಸಿಲಿಯಾ ಬಾಯಿ. ಸೌಟು ಕೈಯಿಂದ ಜಾರುವಷ್ಟು ನಕ್ಕರು.

"ಏ ಹುಚ್ಚಪ್ಪ! ಸನ್ನಕ್ಕೆ ಹಾಕಿದ್ದು ಅಂಗಡಿಯ ಯೀಸ್ಟು. ನಿನ್ನದನ್ನು ಹಾಕಿದ್ದು ನೀರುಳ್ಳಿ ಸಲಾಡಿಗೆ! ಚೆನ್ನು ವಿನೆಗರ್ ಅಂದಳು, ನೆಕ್ಕಿ ನೋಡಿದೆ, ವಿನೆಗರೇ. ಇಡೀ ದೋಹಾದಲ್ಲಿ ಇಂಥದ್ದು ಸಿಗುವುದಿಲ್ಲ."

ಎಲ್ಲರೂ ಸಾಹೇಬರ ತಟ್ಟೆ ನೋಡಿದರು. ಒಂದು ಚೂರು ನೀರುಳ್ಳಿಯೂ ಉಳಿದಿರಲಿಲ್ಲ.

ದೇಜಪ್ಪ ಅಡುಗೆಕೋಣೆಗೆ ಓಡಿ, ಕ್ಯಾನು ಬಗ್ಗಿಸಿ ಒಂದು ಗ್ಲಾಸು ತುಂಬಿಸಿ, ತಲೆ ಎತ್ತಿ ಗಟಗಟ ಕುಡಿದ. ಎರಡನೇ ಗುಟುಕಿಗೆ ಅವನ ಮುಖ ಒಣಗಿದ ಪುನರ್ಪುಳಿ ಸಿಪ್ಪೆಯಂತೆ ಮುದುಡಿತು. ಒಂದು ತಿಂಗಳು ಬಟ್ಟೆಯ ಸಂದಿಯಿಂದ ಉಸಿರಾಡಿ ಉಸಿರಾಡಿ ಅವನ ಬಿಯರು ಒಂದು ಹನಿಯೂ ಬಿಡದೆ ಹುಳಿದು ವಿನೆಗರ್ ಆಗಿತ್ತು. ಹೆಂಡತಿಯ ಸುಳ್ಳು ನಿಜವಾಗಿತ್ತು, ಅವನು ಎದೆಯುಬ್ಬಿಸಿ ಹೇಳಿದ ನಿಜ ಸುಳ್ಳಾಗಿತ್ತು.

ಹಿಂದೆಯೇ ಬಂದ ಸಾಹೇಬರು ಗ್ಲಾಸನ್ನು ಮೂಸಿದರು.

"ತನ್ನಷ್ಟಕ್ಕೆ ವಿನೆಗರ್ ಆದದ್ದಕ್ಕೆ ಅಡ್ಡಿಯಿಲ್ಲ ಅಂತ ನಮ್ಮ ಮದರಸದ ಉಸ್ತಾದರು ಹೇಳಿಕೊಟ್ಟಿದ್ದಾರೆ. ಅಲ್‌ಹಮ್ದುಲಿಲ್ಲಾಹ್." ಆಮೇಲೆ ಗಡ್ಡ ಸವರಿಕೊಂಡರು. "ಕಂಪನಿಗೆ ಎಂತ ಹೇಳುವುದು? ಸ್ಟೋರ್ ಕೀಪರ್ ವಿನೆಗರ್ ಮಾಡಿದ ಅಂತವಾ? ಆದರೆ ದೇಜಪ್ಪಣ್ಣ, ಇನ್ನು ಮುಂದೆ ಕ್ಯಾನು ಇಲ್ಲಿ ಬಾಯಿಯ ಮನೆಯಲ್ಲೇ ಇರಲಿ. ನಾನು ದಿನಾ ಬಂದು ಮೂಸಿ ನೋಡ್ತೇನೆ."

"ನಮಗೆ ಎರಡು ಬಾಟ್ಲಿ, ಉಪ್ಪಿನಕಾಯಿಗೆ," ಎಂದಳು ಕುಲ್ಸುಮ್.

"ಕ್ರಿಸ್ಮಸ್ಸಿಗೆ ನನಗೆ ಐದು," ಎಂದರು ಬಾಯಿ.

ದೇಜಪ್ಪ ಹುಳಿ ಬಾಯಿ ಒರೆಸಿಕೊಂಡ. "ಮಾಡಿಕೊಡ್ತೇನೆ," ಎಂದ. "ಆದರೆ ನನ್ನ ಬಾಯಾರಿಕೆ ಹಾಗೇ ಉಂಟು, ಹೇಳಿದ್ದೇನೆ."

ಎಲ್ಲರೂ ಮತ್ತೆ ಊಟಕ್ಕೆ ಕೂತರು. ಸಾಹೇಬರಿಂದ ಕಿತ್ತುಕೊಂಡ ಸನ್ನ ಅವನ ಮುಷ್ಟಿಯಲ್ಲಿ ಹಿಟ್ಟಾಗಿ ಹೋಗಿತ್ತು, ಸನ್ನದ ಪಾತ್ರೆಯೂ ಅಷ್ಟರಲ್ಲಿ ಖಾಲಿಯಾಗಿತ್ತು. ದೇಜಪ್ಪ ತನ್ನ ತಟ್ಟೆಯಲ್ಲಿದ್ದ ಒಂದೇ ಸನ್ನವನ್ನು ಎತ್ತಿ, ತಲೆಯೆತ್ತದೆ, ಸಾಹೇಬರ ತಟ್ಟೆಯಲ್ಲಿಟ್ಟ.