ನೆಲಮಾಳಿಗೆಗೆ ಬಂದ ಕಾಣದ ಬೆಳಕು

ಅರ್ಥವಾಗದ ಮಾತು ಕೇಳಿದರೆ ತಲೆಯಾಡಿಸುವುದು ನನ್ನ ಹಳೆಯ ದೌರ್ಬಲ್ಯ. ಹೇಳುವವರ ಮುಂದೆ ಲ್ಯಾಪ್‌ಟಾಪ್ ಇದ್ದರಂತೂ ಎರಡು ಸಲ ಆಡಿಸುತ್ತೇನೆ. ಹಾವೇರಿಯಲ್ಲಿ ನಮ್ಮ ಕಚೇರಿಯಿರುವ ಕಟ್ಟಡದ ನೆಲಮಾಳಿಗೆಗೆ ಹೊಸ ದೀಪ ಬಂದದ್ದು ಹಾಗೆಯೇ.

ಬ್ಯಾಡಗಿ, ರಾಣೆಬೆನ್ನೂರುಗಳಿಂದ ದಿನಾ ಬಂದುಹೋಗುವ ನಾವೆಲ್ಲ ಗಾಡಿ ನಿಲ್ಲಿಸುವುದು, ದಾರಿಯ ಧೂಳು ತೊಳೆದುಕೊಂಡು ಮನುಷ್ಯರಾಗುವುದು ಅಲ್ಲೇ. ಇದ್ದದ್ದು ಒಂದೇ ಬಲ್ಬು. ಬ್ಯಾಡಗಿಯಿಂದ ಸ್ಕೂಟರಿನಲ್ಲಿ ಬರುವ ಸಹೋದ್ಯೋಗಿ ಗಿರಿಜಕ್ಕ ಆ ಕತ್ತಲೆಗೆ ಇಳಿಯಲೊಲ್ಲದೆ ಗಾಡಿಯನ್ನು ರಸ್ತೆಯ ಬಿಸಿಲಿನಲ್ಲೇ ಬಿಡುತ್ತಿದ್ದರು. ನಾಲ್ಕು ಟ್ಯೂಬ್‌ಲೈಟ್ ಹಾಕಿಸಿ ಎಂದು ಕಟ್ಟಡ ಸಮಿತಿಯಲ್ಲಿದ್ದ ನನಗೆ ಅರ್ಜಿ ಕೊಟ್ಟರು. ಅಷ್ಟು ಸುಲಭದ ಕೆಲಸ ಮಾಡಿದರೆ ಸಮಿತಿಗೆ ಮರ್ಯಾದೆ ಎಲ್ಲಿ ಉಳಿದೀತು? ಹುಬ್ಬಳ್ಳಿಯಿಂದ ಬೆಳಕಿನ ವಿನ್ಯಾಸಕಾರರೊಬ್ಬರನ್ನು ಕರೆಸಿದೆವು.

ದೀಪ ಕಾಣಬಾರದು, ಬೆಳಕನ್ನು ಅನುಭವಿಸಬೇಕು ಎಂದರು ಅವರು. ನಾನು ಎರಡು ಸಲ ತಲೆಯಾಡಿಸಿದೆ.

“ನನಗ ಅನುಭವ ಬ್ಯಾಡ್ರಿ ಸರ್. ಕಂಬದ ಹಿಂದ ಯಾರ ನಿಂತಾರ ಅಂತ ಕಂಡ್ರ ಸಾಕು,” ಎಂದರು ಗಿರಿಜಕ್ಕ. ಕಲೆಯ ಗಂಧವಿಲ್ಲದವರೆಂದು ನಾನು ಮರುಕಪಟ್ಟೆ.

ಕಂಬಗಳ ಬುಡದಲ್ಲಿ ಹೊಂಬಣ್ಣದ ಬೆಳಕು ಹತ್ತಿತು. ಎಲ್ಲರ ಚಪ್ಪಲಿಗಳೂ ಝಗಝಗಿಸಿದವು, ಮುಖ ಮಾತ್ರ ಯಾರದೂ ಕಾಣಲಿಲ್ಲ. ಯಾರೂ ಅಲುಗಾಡದಿದ್ದರೆ ದೀಪ ತಾನೇ ಆರುವ ಏರ್ಪಾಡು ಬೇರೆ. ಉದ್ಘಾಟನೆಯ ದಿನ ಸಮಿತಿಯ ಅಧ್ಯಕ್ಷರು ಕೈಕಟ್ಟಿ ನಿಂತು ಮಾತಾಡಿ, ಅರ್ಧ ಭಾಷಣವನ್ನು ಕತ್ತಲಲ್ಲೇ ಮುಗಿಸಿದರು.

ಮರುದಿನ ನಾನೇ ಒತ್ತಾಯಿಸಿ ಗಿರಿಜಕ್ಕನ ಗಾಡಿಯನ್ನು ಕೆಳಗೆ ನಿಲ್ಲಿಸುವಂತೆ ಮಾಡಿದೆ. ಸಂಜೆ ನಾನು ಕೆಳಗಿಳಿದಾಗ ಕೀಲಿಕೈ ಬಿತ್ತು. ಬಗ್ಗಿ ತಡಕಾಡುವಷ್ಟರಲ್ಲಿ ದೀಪ ಆರಿತು. ಎದ್ದು, ದೀಪಕ್ಕೆ ನನ್ನ ಇರವು ತಿಳಿಯಲೆಂದು ಎರಡೂ ಕೈ ಮೇಲೆತ್ತಿ ಬೀಸತೊಡಗಿದೆ. ಅದೇ ಹೊತ್ತಿಗೆ ಗಿರಿಜಕ್ಕ ಕಂಬ ಸುತ್ತಿ ಬಂದರು. ಬುತ್ತಿ ಡಬ್ಬಿಯಿದ್ದ ಚೀಲ ನೇರವಾಗಿ ನನ್ನ ಹೆಗಲಿಗೆ ಬಿತ್ತು. ನನ್ನ ಕುಣಿತಕ್ಕೆ ಒಲಿಯದ ದೀಪ ಅವರ ಒಂದೇ ಏಟಿಗೆ ಹತ್ತಿತು.

“ನೀವೇನ್ರಿ ಸರ್?” ಎಂದರು. ಚೀಲವನ್ನು ಇನ್ನೂ ಎತ್ತಿಯೇ ಹಿಡಿದಿದ್ದರು. ತಪ್ಪಾಯಿತೆನ್ನಬೇಕಾದವನು ನಾನೆಂದು ಹೊಳೆಯಿತು. ಆದರೂ ಹೆಗಲನ್ನಷ್ಟೇ ಉಜ್ಜಿಕೊಂಡೆ.

ವಾರದೊಳಗೆ ನಾಲ್ಕು ಟ್ಯೂಬ್‌ಲೈಟ್ ಬಂದವು. ಗಿರಿಜಕ್ಕನ ಸ್ಕೂಟರ್ ಈಗ ನೆರಳಲ್ಲಿದೆ. ‘ಸದಸ್ಯರೊಬ್ಬರು ಸ್ವತಃ ಸ್ಥಳ ಪರಿಶೀಲಿಸಿ ನೀಡಿದ ಸಲಹೆಯಂತೆ’ ಎಂದು ಸಭೆಯ ನಡಾವಳಿಯಲ್ಲಿ ನಾನೇ ಬರೆದೆ.

ಗಿರಿಜಕ್ಕ ಅದನ್ನು ಓದಿ, “ಪೆಟ್ಟು ತಿಂದದ್ದು ಬರದಿಲ್ಲಲ್ರಿ?” ಎಂದರು.

ನಡಾವಳಿ ಅಂಗೀಕಾರವಾಗಿದೆ, ಇನ್ನು ತಿದ್ದಲು ಬರುವುದಿಲ್ಲ ಎಂದೆ.